ರಂಪಿಗೆಯ ಕೆಳಗಿನ ಬೆಳ್ಳಿ

ಅಣೆಕಟ್ಟಿಗೂ ಮುಪ್ಪು ಬರುತ್ತದೆ ಎಂಬುದನ್ನು ಅದನ್ನು ಕಟ್ಟಿದವರು ಯಾರಿಗೂ ಹೇಳಿರಲಿಲ್ಲ. ಅರ್ಧ ಜಲಾಶಯಕ್ಕೆ ಹೂಳು ತುಂಬಿ, ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟ ಮೇಲೆ ಸರ್ಕಾರ ಒಂದು ಬೇಸಿಗೆಯಲ್ಲಿ ಗೇಟುಗಳನ್ನೆಲ್ಲ ಎತ್ತಿ ನೀರನ್ನು ಬಿಟ್ಟುಕೊಟ್ಟಿತು. ಎರಡು ತಲೆಮಾರು ಮುಳುಗಿದ್ದ ಬನ್ನಿಹೊಳಿ ಮೇಲಕ್ಕೆ ಬಂತು. ಊರೆಂದರೆ ಊರಲ್ಲ, ಕಣ್ಣು ಹಾಯುವಷ್ಟು ದೂರಕ್ಕೂ ಒಣಗಿ ಸೀಳುಬಿಟ್ಟ ಕರಿ ಕೆಸರು. ಮಣ್ಣಿನ ಗೋಡೆಗಳು ಕರಗಿ ಕೆಸರಿಗೇ ಸೇರಿದ್ದವು. ಗಡಿಕಲ್ಲುಗಳು ಎಲ್ಲಿ ಹೂತಿದ್ದವೋ ದೇವರೇ ಬಲ್ಲ.

ಈ ನೆಲ ಯಾರದು?

ಕಾಗದಪತ್ರ ಇದ್ದವರು ತಮ್ಮದು ಎಂದರು. ಮಾದರ ಕೇರಿಯವರ ಹತ್ತಿರ ಕಾಗದ ಎಂದೂ ಇರಲಿಲ್ಲ. ಊರ ತುದಿಯಲ್ಲಿ ಇರಗೊಟ್ಟಿದ್ದೇ ದೊಡ್ಡ ಉಪಕಾರ ಎಂದುಕೊಂಡಿದ್ದ ಊರಿನಲ್ಲಿ ಅವರಿಗೆ ಕಾಗದ ಬರೆದುಕೊಡುವವರು ಯಾರು? ನೀರು ಬಂದಾಗ ಪರಿಹಾರವೂ ಇಲ್ಲ, ನೀರು ಹೋದಾಗ ನೆಲವೂ ಇಲ್ಲ ಎಂದರೆ ಹೇಗೆ ಎಂದು ಜನ ರಸ್ತೆಗೆ ಕೂತರು, ಜೈಲು ಕಂಡರು, ಮತ್ತೆ ಕೂತರು. ಕೊನೆಗೆ ಬಂದದ್ದು ನೆಲಸಾಕ್ಷಿ ಕಾಯ್ದೆ. ಆ ಸೀಮೆಯಲ್ಲಿ ಇದ್ದವನಿರಲಿ ಇಲ್ಲದವನಿರಲಿ, ಬಾಗಿಲ ಚೌಕಟ್ಟು ನಿಲ್ಲಿಸುವಾಗ ಹೊಸ್ತಿಲ ಕೆಳಗೆ ಚೂರಾದರೂ ಬೆಳ್ಳಿ ಇಡದೆ ಮನೆ ಎಬ್ಬಿಸುತ್ತಿರಲಿಲ್ಲ. ಕಾಯ್ದೆ ಅದನ್ನೇ ಹಿಡಿಯಿತು. ಬೆಳ್ಳಿ ಸಿಕ್ಕಲ್ಲಿ ಹೊಸ್ತಿಲಿತ್ತು, ಹೊಸ್ತಿಲಿದ್ದಲ್ಲಿ ಮನೆಯಿತ್ತು, ಮನೆಯಿದ್ದ ವಂಶಕ್ಕೆ ನೆಲ. ಆದರೆ ಹೂಳು ಆಳುದ್ದ. ಎಲ್ಲೆಂದರಲ್ಲಿ ಅಗೆಯುವ ಹಾಗಿಲ್ಲ. ಯಂತ್ರ ತೋರಿಸಿದ ಕಡೆ ಮಾತ್ರ ಗುದ್ದಲಿ.

ಆ ಯಂತ್ರಕ್ಕೆ ನೆಲಗಿವಿ ಎಂದು ಹೆಸರು. ಅದನ್ನು ಓದುವವಳು ಸಂಘಮಿತ್ರಾ ಮಾದರ.

ಅದೇ ಕೇರಿಯ ಮೊಮ್ಮಗಳು. ಪುನರ್ವಸತಿ ಕೇಂದ್ರ ಎಂದು ಹೆಸರಿಟ್ಟುಕೊಂಡ ತಗಡಿನ ಮನೆಗಳ ಸಾಲಿನಲ್ಲಿ ಹುಟ್ಟಿ, ಅಲ್ಲಿನ ವಾಚನಾಲಯದ ಗೋಣಿತಟ್ಟಿನ ಮೇಲೆ ಕೂತು ಅಕ್ಷರ ಕಲಿತು, ಭೂಭೌತಶಾಸ್ತ್ರ ಓದಿ, ಆ ಕಾಯ್ದೆಗೆಂದು ನೇಮಿಸಿದ ಆಯೋಗದ ಕೆಲಸಕ್ಕೆ ಸೇರಿದ್ದಳು. ಕೇರಿಯವರಿಗೆಲ್ಲ ಅವಳು ಸಂಗಿ. 'ನಮ್ಮ ಸಂಗಿ ಮಷೀನ ಹಿಡಕೊಂಡು ನಿಂತಾಳ, ಇನ್ನ ಚಿಂತಿಲ್ಲ' ಎಂದು ಅವರು ಅಗೆಯುವ ಮೊದಲೇ ಬೆಲ್ಲ ಹಂಚಿ ಮುಗಿಸಿದ್ದರು.

ನೆಲಗಿವಿಯ ಕೆಲಸ ಕೇಳಲು ಸುಲಭ. ಬಂಡಿಯ ಅಡಿಗೆ ಕಟ್ಟಿದ ತಾಮ್ರದ ಸುರುಳಿಗಳು ನೆಲದೊಳಕ್ಕೆ ಅಯಸ್ಕಾಂತದ ಒಂದು ಬಡಿತ ಕಳಿಸಿ ತಟ್ಟನೆ ಸುಮ್ಮನಾಗುತ್ತವೆ. ಕೆಳಗೆ ಲೋಹವಿದ್ದರೆ ಅದರೊಳಗೆ ವಿದ್ಯುತ್ತಿನ ಸಣ್ಣ ಸುಳಿ ಎದ್ದು, ಬಡಿತ ನಿಂತ ಮೇಲೂ ಕ್ಷಣಕಾಲ ತಿರುಗುತ್ತಿರುತ್ತದೆ. ಆ ಸುಳಿಯ ಮಾರುತ್ತರವನ್ನು ಯಂತ್ರ ದನಿಯಾಗಿ ಕಿವಿಗೆ ಕೊಡುತ್ತದೆ. ಬೆಳ್ಳಿಯದು ಎತ್ತರದ, ನುಣುಪಾದ, ಎಳೆದುಕೊಂಡು ಹೋಗುವ ದನಿ. ಚಹಾಪುಡಿ ಪೊಟ್ಟಣದ ಬೇಗಡೆ ನಡುದನಿಯಲ್ಲಿ ತೊದಲುತ್ತದೆ. ಕಬ್ಬಿಣ ಒರಟಾಗಿ ಕೆಮ್ಮಿ ಮುಗಿಸುತ್ತದೆ. ಬಂಡಿಯನ್ನು ಅಡ್ಡ ಎಳೆದಾಗಲೂ ಉದ್ದ ಎಳೆದಾಗಲೂ ಒಂದೇ ದನಿ ಬಂದರೆ ನಂಬಬಹುದು. ಒಂದು ಕಡೆಯಿಂದ ಹಾಡಿ, ಇನ್ನೊಂದು ಕಡೆಯಿಂದ ಕೆಮ್ಮಿದರೆ ಅದು ಬೆಳ್ಳಿಯ ವೇಷ ಹಾಕಿದ ಕಬ್ಬಿಣ. ಕೆಮ್ಮನ್ನು ಕಸವೆಂದು ಸೋಸಿ ತೆಗೆದು ಹಾಡನ್ನು ಮಾತ್ರ ಉಳಿಸಿಕೊಳ್ಳುವುದೇ ಕ್ರಮ. ಸಂಗಿಗೆ ಇದೆಲ್ಲ ಕರಗತವಾಗಿತ್ತು. ಇಡೀ ಬೇಸಿಗೆ ಬಂಡಿ ಓಡಿತು.

ನಕ್ಷೆ ತಯಾರಾದ ದಿನ ನಿಯಂತ್ರಣ ಕೊಠಡಿಯಲ್ಲಿ ಮೂವರಿದ್ದರು. ಸಂಗಿ, ಬಂಡಿ ಓಡಿಸುವ ಬಾಬಾಜಾನ್ ಮುಲ್ಲಾ, ಮತ್ತು ಆಯೋಗದ ಅಧಿಕಾರಿ ಅಶೋಕ ಪಾಟೀಲ. ಗೋಡೆಯಗಲದ ಪರದೆಯ ಮೇಲೆ ಮೇಲ್ಜಾತಿಯವರ ಮೇಲಿನೋಣಿ ದೀಪಾವಳಿಯ ಹಾಗೆ ಬೆಳಗುತ್ತಿತ್ತು. ಮನೆಗೊಂದು ಬಿಳಿ ಚುಕ್ಕೆ. ಕೆಲವು ಕಡೆ ಅಗೆದು ಬೆಳ್ಳಿ ತೆಗೆದೂ ಆಗಿತ್ತು. ಗೌಡರ ವಾಡೆಯ ಜಾಗದಲ್ಲಿ ಚುಕ್ಕೆಗಳ ಗೊಂಚಲೇ ಇತ್ತು. ಹಳ್ಳದಾಚೆ, ಕೇರಿ ಇರಬೇಕಾದ ಕಡೆ, ಕಪ್ಪು.

ಸಂಗಿ ಪರದೆಯ ಹತ್ತಿರ ಹೋಗಿ ನೋಡಿದಳು. ಒಂದು ಚುಕ್ಕೆಯೂ ಇಲ್ಲ.

"ಬಂಡಿ ಅಲ್ಲಿ ಹೋಗೇ ಇಲ್ಲೇನು?" ಎಂದಳು.

"ನಾನ ಹೊಡದೀನಿ ತಂಗೆವ್ವಾ," ಎಂದ ಬಾಬಾಜಾನ್. "ಅಡ್ಡ ಒಮ್ಮಿ, ಉದ್ದ ಒಮ್ಮಿ. ನಿಮ್ಮ ಕೇರಿ ಅಂತ ಇನ್ನೊಮ್ಮಿ."

ಪಾಟೀಲ ಕೆಟ್ಟ ಮನುಷ್ಯನಲ್ಲ. ಕನ್ನಡಕ ತೆಗೆದು ಒರೆಸುತ್ತ ಕೂತವನಿಗೆ ಮಾತು ಕಷ್ಟವಾಗುತ್ತಿತ್ತು. "ನೋಡ್ರಿ ಸಂಘಮಿತ್ರಾ, ನನಗೂ ಕೆಡಕನಸ್ತೈತಿ. ಆದ್ರ ಸೋಮವಾರ ವಿಚಾರಣಿ. ಚುಕ್ಕಿ ಇಲ್ಲಂದ್ರ ವಸತಿ ಇರಲಿಲ್ಲ ಅಂತ ಬರೀಬೇಕಾಗ್ತದ. ಖಾಲಿ ಜಾಗ ಸೋಲಾರ್ ಕಂಪನಿಗೆ ಹೋಗ್ತದ."

"ನಮ್ಮ ಆಯಿ ಹುಟ್ಟಿದ್ದು ಅಲ್ಲಿ."

"ನನಗ ಗೊತ್ತದ. ನೆಲಾ ಹೇಳ್ಬೇಕಲ್ಲ."

ಸಂಗಿ ಹೊರಗೆ ಬಂದಳು. ಒಂದು ಇಡೀ ಕೇರಿ ಈಗ ಎರಡನೆಯ ಸಲ ಮುಳುಗಿತ್ತು. ಮೊದಲನೆಯ ಸಲ ನೀರಿನಲ್ಲಿ. ಈ ಸಲ ಅವಳದೇ ಯಂತ್ರದಲ್ಲಿ.

ಮರುದಿನ ತಗಡಿನ ಸಾಲಿನಲ್ಲಿ ಸಂಭ್ರಮವಿತ್ತು. ಅವಳ ಕಾಕಿ ನೀಲವ್ವ ತಗಡು ಕಿತ್ತು ಇಟ್ಟಿಗೆಯ ಮನೆ ಎಬ್ಬಿಸುತ್ತಿದ್ದಳು. ಅಂದು ಚೌಕಟ್ಟು ನಿಲ್ಲಿಸುವ ದಿನ. ಸುದ್ದಿ ಹೇಳಲು ಬಂದ ಸಂಗಿಗೆ ಅಷ್ಟು ಮುಖಗಳ ನಡುವೆ ಬಾಯಿ ಬರಲಿಲ್ಲ. ಸಂಗಿಯ ಅಜ್ಜಿ, ಆಯಿ ಹುಲಿಗೆವ್ವ, ಮಂಚದ ಮೇಲೆ ಕೂತು ಎಲ್ಲರನ್ನೂ ಆಳುತ್ತಿದ್ದಳು. ಮೈ ಬತ್ತಿ ಹಿಡಿಯಷ್ಟಾಗಿದ್ದರೂ ದನಿ ಮಾತ್ರ ಕೇರಿಯ ಆ ತುದಿ ಮುಟ್ಟುತ್ತಿತ್ತು.

"ಬಂದಳ ನೋಡ ನಮ್ಮ ಬೆಳ್ಳಿ ಪೊಲೀಸು," ಎಂದಳು ಆಯಿ. "ಮಾರಿ ಯಾಕ ಹಂಗ ಇಳಿಬಿಟ್ಟೀ? ಗಂಡಸು ಯಾವನರ ಒಲ್ಲೆ ಅಂದ್ನೇನು?"

"ಸುಮ್ಮಿರ ಆಯಿ."

"ಸುಮ್ಮಿರೂದಕ್ಕ ಸತ್ತಮ್ಯಾಲ ಬೇಕಾದಷ್ಟ ಟೈಮ್ ಐತಿ."

ಹೆಂಗಸರು ನಕ್ಕರು. ನೀಲವ್ವ ಹೊಸ್ತಿಲ ಗುಳಿಯ ಮುಂದೆ ಅರಿಷಿಣ ಕುಂಕುಮ ಹಚ್ಚಿ ಕೂತಿದ್ದಳು. ಅಂಗೈಯಲ್ಲಿ ಬೆಳ್ಳಿಯ ಚೂರು ಹೊಳೆಯಿತು, ಮಗಳ ಹಳೆಯ ಕಾಲ್ಗೆಜ್ಜೆಯಿಂದ ಕತ್ತರಿಸಿದ್ದು. "ಸಂಗಿ, ನಿನ್ನ ಚೀಲದಾಗ ಆ ಕೈಮಷೀನ ಐತಿಲ್ಲ? ಖರೇ ಬೆಳ್ಳಿ ಐತೋ, ಅಕ್ಕಸಾಲಿ ನಮಗ ಟೊಪಗಿ ಹಾಕ್ಯಾನೋ ನೋಡಿ ಹೇಳಬೇ."

ತಪ್ಪಿಸಿಕೊಳ್ಳಲಾಗದೆ ಸಂಗಿ ಕೈಯಂತ್ರ ತೆಗೆದಳು. ಬಂಡಿಯ ನೆಲಗಿವಿಯದೇ ಮರಿ ಅದು, ಬುದ್ಧಿಯೂ ಅದರದೇ. ನೀಲವ್ವ ಬೆಳ್ಳಿಯನ್ನು ಗುಳಿಯಲ್ಲಿ ಇಟ್ಟಳು. ಸಂಗಿ ಮೇಲಿಂದ ಆಡಿಸಿದಳು. ಯಂತ್ರ ಉದ್ದಕ್ಕೆ, ನುಣುಪಾಗಿ ಹಾಡಿತು.

"ಖರೇ ಐತಿ."

"ಹಾಡ ಭಾರಿ ಚಲೋ ಐತಲ್ಲ," ಎಂದಳು ಯಾರೋ. "ಇನ್ನೊಮ್ಮಿ ಹಚ್ಚ."

ಅಷ್ಟರಲ್ಲಿ ಆಯಿ ಮಂಚದಿಂದ ಇಳಿದು ಬಂದಿದ್ದಳು. ಸೆರಗಿನ ಗಂಟು ಬಿಚ್ಚಿ ಒಂದು ರಂಪಿಗೆಯನ್ನು ತೆಗೆದಳು. ತೊಗಲು ಕೊಯ್ಯುವ ಅಗಲ ಬಾಯಿಯ ಉಳಿ. ಹಿಡಿ ಮುರಿದಿತ್ತು, ಅಂಚು ಸವೆದು ಅರ್ಧಚಂದ್ರ ಆಗಿತ್ತು. ಊರು ಬಿಟ್ಟ ಮೇಲೆ ಸಂಗಿಯ ಅಜ್ಜ ಬದುಕಿದ್ದಷ್ಟು ದಿನ ಅದರಲ್ಲೇ ಚಪ್ಪಲಿಯ ತೊಗಲು ಕೊಯ್ದಿದ್ದ. ಆಯಿ ಅದನ್ನು ಕಣ್ಣಿಗೊತ್ತಿಕೊಂಡು ಬೆಳ್ಳಿಯ ಮೇಲೆ ಕವುಚಿ ಇಟ್ಟಳು.

"ಈಗ ಹಚ್ಚ," ಎಂದಳು ನೀಲವ್ವ.

ಸಂಗಿ ಆಡಿಸಿದಳು. ಯಂತ್ರ ಸುಮ್ಮನಿತ್ತು. ಆ ಕಡೆಯಿಂದ, ಈ ಕಡೆಯಿಂದ, ಹತ್ತಿರದಿಂದ ಆಡಿಸಿದಳು. ಉಸಿರಿಲ್ಲ.

"ಆಯೀನ ನೋಡಿ ಹೆದರತೇನು?" ಎಂದಳು ಒಬ್ಬಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಂಗಿ ನಗಲಿಲ್ಲ. ಮಂಡಿಯೂರಿದವಳು ಮೇಲೇಳಲೇ ಇಲ್ಲ. ಇದೇ ರೂಢಿಯನ್ನು ಅವಳು ಸಣ್ಣವಳಿದ್ದಾಗಿನಿಂದ ಎಷ್ಟು ಮನೆಗಳಲ್ಲಿ ನೋಡಿಲ್ಲ. ಪಟ್ಟಣದಲ್ಲಿ ತನ್ನದೇ ಮನೆಯ ಹೊಸ್ತಿಲಿಗೆ ತನ್ನ ಕೈಯಾರೆ ಹೀಗೇ ಇಟ್ಟಿದ್ದಳು. ಕೈ ಮಾಡುವುದನ್ನು ತಲೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ಶಾಸ್ತ್ರ, ಇದು ವಿಜ್ಞಾನ, ಎರಡರ ನಡುವೆ ಹಳ್ಳ.

"ಆಯಿ," ಎಂದಳು. "ಕೇರ್ಯಾಗ ಎಲ್ಲಾರೂ ಹಿಂಗ ಇಡ್ತಿದ್ರೇನು?"

"ಮತ್ತ? ಬೆಳ್ಳಿ ಒಂದ ಇಟ್ರ ಉಳೀತಿತ್ತೇನು? ಮಾದರಿಗೆ ಬೆಳ್ಳಿ ಎಲ್ಲಿಂದ ಬಂತು, ನಮ್ಮ ಮನ್ಯಾಗಿಂದ ಕದ್ದಾರ ಅಂತ ಮೇಲಿನೋಣಿ ಮಂದಿ ಬಂದು ಹೊಸ್ತಲಾ ಕೀಳಾವ್ರು. ರಂಪಗಿ ಕಂಡ್ರ ಕೈ ಹಿಂದಕ ತಗೀತಿದ್ರು. ತೊಗಲ ಕೊಯ್ದದ್ದಲ್ಲ, ಮುಟ್ಟಿದ್ರ ಮೈಲಿಗಿ." ಆಯಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಅವ್ರ ಮೈಲಿಗೀನ ನಮಗ ಬೀಗ ಆಗಿತ್ತು."

ಸಂಗಿ ಅವಳ ಎರಡೂ ಕಾಲು ಹಿಡಿದುಕೊಂಡಳು.

"ಏನಾತ ಈ ಹುಡಿಗಿಗೆ?" ಎಂದಳು ಆಯಿ. "ನೀರ ಕೊಡ್ರಿ ಆಕಿಗೆ."

ನೆಲಗಿವಿಗೆ ಕಬ್ಬಿಣ ಕೇಳಿಸುವುದಿಲ್ಲ ಎಂದಲ್ಲ. ಕೇಳಿದರೂ ಹೇಳಬೇಡ ಎಂದು ಅದಕ್ಕೆ ಕಲಿಸಲಾಗಿತ್ತು. ಇಂಥ ಯಂತ್ರಗಳನ್ನು ಪಳಗಿಸಿದವರು ದೂರದೇಶದ ಹುಲ್ಲುಹಾಸಿನಲ್ಲಿ ರಜೆಯ ದಿನ ನಾಣ್ಯ ಹುಡುಕುವ ಹವ್ಯಾಸಿಗಳು. ಅವರಿಗೆ ಮೊಳೆ, ಲಾಳ, ಸಲಾಕೆ ಎಲ್ಲ ಕಸ. ಕಬ್ಬಿಣದ ಸುಳಿವು ಸಿಕ್ಕ ಜಾಗವನ್ನು ಇಡಿಯಾಗಿ ಬಿಟ್ಟುಬಿಡು, ಅದರ ಕೆಳಗೆ ಏನಿದೆ ಎಂದು ಕೇಳಲೂ ಬೇಡ. ಆ ಪಾಠವೇ ತರಬೇತಿಯ ಪುಸ್ತಕಕ್ಕೆ ಬಂತು, ಅಲ್ಲಿಂದ ಸಂಗಿಯ ಬೆರಳಿಗೆ ಬಂತು. ಮೇಲಿನೋಣಿಯವರು ಕೈಹಾಕಲು ಹೇಸಿದ ಕಬ್ಬಿಣಕ್ಕೆ ಯಂತ್ರವೂ ಹೇಸಿತ್ತು. ಮಡಿಯನ್ನು ಯಾವ ಭಾಷೆಯಲ್ಲಿ ಬರೆದರೂ ಅದು ಮಡಿಯೇ.

"ಆಗೂದಿಲ್ಲ," ಎಂದ ಪಾಟೀಲ, ನಿಯಂತ್ರಣ ಕೊಠಡಿಗೆ ಓಡಿಬಂದು ಅವಳು ಎಲ್ಲ ಹೇಳಿ ಮುಗಿಸಿದ ಮೇಲೆ. "ಮತ್ತೊಮ್ಮಿ ಬಂಡಿ ಹೊಡ್ಯಾಕ ಸೋಮವಾರದೊಳಗ ಆಗೂದಿಲ್ಲ. ಅದೂ ಅಲ್ದ ಆ ಹೂಳಿನಾಗ ಏನೇನ ಕಬ್ಬಿಣ ಐತಿ ಗೊತ್ತೈತೇನು? ದೋಣಿ ಮೊಳಿ, ಮೀನಿನ ಗಾಳ, ತಂತಿ. ಎಲ್ಲಾ ಒದರಾಕ ಹತ್ತಿದ್ರ ಯಾವದು ಮನಿ, ಯಾವದು ಕಸ?"

"ಬಂಡಿ ಹೊಡೀಬೇಕಿಲ್ರಿ ಸರ್. ಅದು ಮೊದಲ ಸಲಾನ ಎಲ್ಲಾ ಕೇಳೈತಿ. ಸೋಸಿದ್ದು ನಾವು. ಸೋಸೂಕಿಂತ ಮುಂಚಿನ ದನಿ ಇದ್ರ ಸಾಕು."

ಪಾಟೀಲನ ಮುಖ ಸಣ್ಣದಾಯಿತು. "ಅದನ್ನ ಅಳಸ್ರಿ ಅಂತ ನಾನ ಹೇಳಿದ್ನಲ್ಲ. ಕಂಪ್ಯೂಟರಿನಾಗ ಜಾಗಾ ಸಾಲೂದಿಲ್ಲ ಅಂತ."

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಬಾಬಾಜಾನ್ ಲೋಟ ಕೆಳಗಿಟ್ಟ.

"ಹೇಳಿದ್ರಿ ಸಾಹೇಬ್ರ. ನಾ ಅಳಸಲಿಲ್ಲ."

ಇಬ್ಬರೂ ತಿರುಗಿದರು.

"ನಮ್ಮಪ್ಪಂದು ಕಲಾಯಿ ಅಂಗಡಿ ಇತ್ರಿ," ಎಂದ ಬಾಬಾಜಾನ್, ಕಳ್ಳತನ ಒಪ್ಪಿಕೊಳ್ಳುವವನ ಹಾಗೆ ನೆಲ ನೋಡುತ್ತ. "ಪಾತ್ರಿ ಬಡಿಯೂ ಸಪ್ಪಳದಾಗ ಬೆಳದಾಂವ ನಾನು. ಈ ಮಷೀನಿಂದು ಸೋಸಲಾರದ ಸಪ್ಪಳ ಥೇಟ್ ಹಂಗ ಇರ್ತೈತ್ರಿ. ಬಂಡಿ ಹೊಡೀವಾಗ ಕಿವ್ಯಾಗ ಹಾಕ್ಕೊಂಡು ಕೇಳ್ತಿದ್ನಿ. ಅಳಸಾಕ ಮನಸು ಬರಲಿಲ್ಲ. ಮನ್ಯಾಗ ಪೆಟ್ಟಿಗ್ಯಾಗ ಇಟ್ಟೀನಿ."

ಪಾಟೀಲ ಅವನನ್ನು ಒಂದು ಗಳಿಗೆ ನೋಡಿದ. "ಬಾಬಾಜಾನ್, ನೀ ಹೇಳಿದ್ದ ಕೇಳಿದ್ದು ಯಾವಾಗರ ಐತೇನು?"

"ಇಲ್ರಿ."

"ಪುಣ್ಯಾ ಬಂತು. ಹೋಗು, ತಗೊಂಡ ಬಾ."

ಸೋಸದ ದನಿ ಕೊಠಡಿಯಲ್ಲಿ ತುಂಬಿದಾಗ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗಾಯಿತು. ಪಾಟೀಲ ಹೇಳಿದ್ದು ಸುಳ್ಳಲ್ಲ, ಕಸವೂ ಒದರುತ್ತಿತ್ತು, ಮನೆಯೂ ಒದರುತ್ತಿತ್ತು. ಪರದೆಯ ತುಂಬ ಬಿಳಿ ಚುಕ್ಕೆ. ಏನೂ ಕಾಣದ ಕಪ್ಪಿಗೂ ಎಲ್ಲವೂ ಕಾಣುವ ಬಿಳುಪಿಗೂ ವ್ಯತ್ಯಾಸವೇ ಇರಲಿಲ್ಲ. ಸಂಗಿ ಕಣ್ಣು ಮುಚ್ಚಿ ಕೇಳುತ್ತ ಕೂತಳು. ನೀಲವ್ವನ ಹೊಸ್ತಿಲ ಗುಳಿ ಕಣ್ಣಿಗೆ ಕಟ್ಟಿತು. ಮೇಲೆ ತೆಳು ಕಬ್ಬಿಣ, ಅದರ ಹೊಟ್ಟೆಯಡಿಗೆ ಬೆಳ್ಳಿ. ಇಷ್ಟು ವರ್ಷ ನೀರಲ್ಲಿ ಇದ್ದ ಕಬ್ಬಿಣ ತುಕ್ಕಾಗಿರಬೇಕು. ತುಕ್ಕು ಮೊದಲಿಗೆ ಜೋರಾಗಿ ಕೂಗಬಹುದು, ಆದರೆ ಅದರಲ್ಲಿ ಸುಳಿ ನಿಲ್ಲುವುದಿಲ್ಲ. ಬೇಗ ದಣಿಯುತ್ತದೆ. ಅದು ದಣಿದು ಸುಮ್ಮನಾದ ಮೇಲೂ ಬೆಳ್ಳಿ ಹಾಡುತ್ತಲೇ ಇರುತ್ತದೆ.

"ಮೊದಲಿನ ಕೂಗು ಬಿಡೂಣು," ಎಂದಳು. "ಬಾಲಾ ಅಷ್ಟ ಕೇಳೂಣು. ಮೊದಲು ಕೆಮ್ಮಿ, ಆಮ್ಯಾಲ ಹಾಡಾವು ಎಷ್ಟದಾವ ನೋಡೂಣು. ಬರೇ ಕೆಮ್ಮಾವು ಕಸ."

ಬೆರಳುಗಳು ಕೀಲಿಗಳ ಮೇಲೆ ಆಡಿದವು. ಪರದೆಯ ಬಿಳುಪು ಬಟ್ಟೆ ಒಗೆದ ನೊರೆಯ ಹಾಗೆ ಇಳಿಯತೊಡಗಿತು. ದೋಣಿಯ ಮೊಳೆಗಳು ಆರಿದವು. ತಂತಿಗಳು ಆರಿದವು. ಹಳ್ಳದಾಚೆ ಚುಕ್ಕೆಗಳು ಒಂದೊಂದಾಗಿ ಉಳಿದುಕೊಂಡವು. ಮೇಲಿನೋಣಿಯ ಚುಕ್ಕೆಗಳಿಗಿಂತ ಮಸುಕು, ಆದರೆ ಅಲುಗದೆ ನಿಂತವು. ಎರಡು ಸಾಲು, ಎದುರುಬದುರು. ಹಳ್ಳದ ಹತ್ತಿರ ಸಾಲು ಎಡಕ್ಕೆ ತಿರುಗಿತ್ತು. ತಿರುವಿನಲ್ಲಿ ಒಂದು ಅಗಲ ಬಯಲು, ಏನೂ ಇಲ್ಲದ್ದು.

ಪಾಟೀಲ ಕುರ್ಚಿಯಿಂದ ಎದ್ದಿದ್ದ, ಯಾರೋ ಹಿರಿಯರು ಒಳಗೆ ಬಂದ ಹಾಗೆ.

ಸಂಗಿ ಆಯಿಗೆ ಫೋನು ಹಚ್ಚಿದಳು. "ಆಯಿ, ಕೇರಿ ತಿರುವಿನಾಗ ಏನಿತ್ತು?"

"ಬೇವಿನಗಿಡ. ಅದರ ಬುಡಕ್ಕ ಕುಂತ ನಿಮ್ಮಜ್ಜ ಚಪ್ಪಲಿ ಹೊಲೀತಿದ್ದ. ಯಾಕ?"

"ಗಿಡದ ಎದರಿಗಿ ಯಾರ ಮನಿ?"

"ನಮ್ಮದಾ. ಯಾಕಂತ ಹೇಳವಲ್ಲಿ, ಅಳಾಕತ್ತೀ ಏನು?"

"ಇಲ್ಲ ಆಯಿ," ಎಂದು ಸಂಗಿ ಅಳುತ್ತ ಹೇಳಿದಳು. "ಅಜ್ಜನ ಮಾತ ಕೇಳಿಸ್ತು."

ಸೋಮವಾರದ ವಿಚಾರಣೆ ಕೆಸರಿನ ಮೇಲೆಯೇ ನಡೆಯಿತು. ಹೊಸ ನಕ್ಷೆಯನ್ನು ಒಪ್ಪಬೇಕಾದರೆ ಅದು ತೋರಿಸಿದ ಒಂದು ಜಾಗವನ್ನಾದರೂ ಎಲ್ಲರ ಮುಂದೆ ಅಗೆದು ನೋಡಬೇಕು ಎಂದು ಕಂಪನಿಯ ವಕೀಲರು ಹಟ ಹಿಡಿದಿದ್ದರು. ಪಾಟೀಲ ಒಪ್ಪಿದ. ಯಾವ ಜಾಗ ಎಂದು ಕೇಳಿದಾಗ ಸಂಗಿ ತಿರುವಿನ ಎದುರಿನ ಚುಕ್ಕೆಯನ್ನು ತೋರಿಸಿದಳು. ತಪ್ಪಾದರೆ ಇಡೀ ಕೇರಿ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಿಂದೆ ನಿಂತ ಕೇರಿಯ ಜನಕ್ಕೂ ಗೊತ್ತಿತ್ತು.

ಹೂಳು ಪದರ ಪದರವಾಗಿ ಎದ್ದಿತು. ಆಳುದ್ದ ಇಳಿದ ಮೇಲೆ ಗುಂಡಿಯೊಳಗಿದ್ದ ಬಾಬಾಜಾನ್ ಗುದ್ದಲಿ ಬಿಟ್ಟು ಬೆರಳಲ್ಲಿ ಕೆದರತೊಡಗಿದ. ಮಣ್ಣು ಕರಿಯಿಂದ ಕೆಂಪಾಯಿತು. ಅಂಗೈಯಗಲದ ತುಕ್ಕಿನ ತುಂಡು ಕಂಡಿತು. ಅರ್ಧಚಂದ್ರ.

"ಕಬ್ಬಿಣ," ಎಂದರು ವಕೀಲರು.

"ಹೌದ್ರಿ," ಎಂದಳು ಸಂಗಿ. "ಸಾವಕಾಶ ಎತ್ತರಿ ಅಣ್ಣಾ."

ಬಾಬಾಜಾನ್ ಎರಡು ಕೈಯಲ್ಲಿ ಎತ್ತಿದ. ಅದರಡಿಗೆ, ಕೆಂಪು ಮಣ್ಣಿನ ನಡುವೆ, ಬೆಳ್ಳಿಯ ಕಾಲುಂಗುರವೊಂದು ನಿನ್ನೆ ತೊಟ್ಟು ಇವತ್ತು ತೆಗೆದಿಟ್ಟ ಹಾಗೆ ಹೊಳೆಯಿತು.

ಪಾಟೀಲ ಬಗ್ಗಿ ನೋಡಿ ಬೆರಗಾದ. "ಮೇಲಿನೋಣ್ಯಾಗ ತಗದ ಬೆಳ್ಳಿ ಎಲ್ಲಾ ಕರ್ರಗಾಗಿ ಪುಡಿ ಪುಡಿ ಆಗಿತ್ತಲ್ಲ. ಇದೇನಿದು?"

"ಎರಡು ಲೋಹ ನೀರಿನಾಗ ತಬ್ಬಿಕೊಂಡು ಕುಂತ್ರ ಮೊದಲ ತಿಂದುಹೋಗೂದು ಕಬ್ಬಿಣ ಸರ್," ಎಂದಳು ಸಂಗಿ. "ತಾನು ತುಕ್ಕಾಗಿ ಇನ್ನೊಂದನ್ನ ಕಾಯ್ತೈತಿ. ದೊಡ್ಡ ಹಡಗಿಗೂ ಹಿಂಗ ಒಂದು ಲೋಹ ಕಟ್ಟಿ ಇನ್ನೊಂದನ್ನ ಉಳಸ್ತಾರ." ಪುಸ್ತಕದಲ್ಲಿ ಓದಿದ್ದ ಮಾತು ಅದು. ಊರಿನ ಚಪ್ಪಲಿಗೆಲ್ಲ ತೊಗಲು ಕೊಯ್ದು ಸವೆದ ಕಬ್ಬಿಣ ನೀರೊಳಗೂ ಕೆಲಸ ಬಿಟ್ಟಿರಲಿಲ್ಲ.

ವಕೀಲರು ಕಾಗದ ಮಡಚಿದರು. ಕೇರಿಯವರ ಗಂಟಲಿನಿಂದ ಒಟ್ಟಿಗೇ ಒಂದು ಉಸಿರು ಹೊರಬಿತ್ತು. ನೀಲವ್ವ ಬಾಬಾಜಾನನ ಕೆಸರು ಮೆತ್ತಿದ ಕೈಗಳನ್ನು ಹಿಡಿದು ಹಣೆಗೆ ಒತ್ತಿಕೊಂಡಳು. ಅವನು ಕೈ ಬಿಡಿಸಿಕೊಳ್ಳಲಾಗದೆ, "ಏ ಬಿಡಬೇ, ನಾ ಸಪ್ಪಳ ಕೇಳಿದಾಂವ ಅಷ್ಟ," ಎನ್ನುತ್ತ ಒದ್ದಾಡಿದ.

ಪಾಟೀಲ ಬೆಳ್ಳಿಯನ್ನು ಚೀಲದಲ್ಲಿ ಹಾಕಿ ಮುದ್ರೆ ಒತ್ತಿದ. "ಹುಲಿಗೆವ್ವ ಅವ್ರ, ಭೂಮ್ಯಾಗ ಸಿಕ್ಕ ಬೆಳ್ಳಿ ಕಾನೂನು ಪ್ರಕಾರ ಸರ್ಕಾರಕ್ಕ ಸೇರತೈತಿ. ನಿಮಗ ಕೊಡಾಕ ನನಗ ಬರೂದಿಲ್ಲ."

"ಒಯ್ರಿ," ಎಂದಳು ಆಯಿ. "ನೆಲಾ ಕೊಟ್ರಿ, ಬೆಳ್ಳಿ ಒಯ್ರಿ. ಕಬ್ಬಿಣಕ್ಕ ಏನ ಕಾನೂನ ಐತಿ?"

ಪಾಟೀಲ ಯೋಚಿಸಿದ. "ಕಬ್ಬಿಣಕ್ಕೇನೂ ಇಲ್ಲ."

"ಹಂಗಾರ ಕೊಡ್ರಿ."

ಬಾಬಾಜಾನ್ ಕೊಟ್ಟ. ಆಯಿ ಸೆರಗೊಡ್ಡಿ ಇಸಿದುಕೊಂಡಳು. ಹಿಡಿಯುತ್ತಿದ್ದಂತೆ ಅದು ಮೂರು ಚೂರಾಯಿತು. ಬೆರಳ ತುದಿಗೆ ಅಂಟಿದ ಕೆಂಪು ಹುಡಿಯನ್ನು ಅವಳು ಹಣೆಗೆ ಹಚ್ಚಿಕೊಂಡಳು, ಸಂಗಿಯ ಹಣೆಗೂ ಹಚ್ಚಿದಳು. ಆಮೇಲೆ ಸಂಗಿಯ ಭುಜ ಹಿಡಿದು ಗುಂಡಿಯ ಪಕ್ಕಕ್ಕೆ ಬಂದಳು. ಹೊಸ್ತಿಲು ಇದ್ದ ಗೆರೆಯನ್ನು ಕಣ್ಣಲ್ಲೇ ಅಳೆದು, ಬಲಗಾಲನ್ನು ಎತ್ತರಕ್ಕೆ ಎತ್ತಿ ಆಚೆ ಇಟ್ಟಳು. ಬಟಾಬಯಲಲ್ಲಿ ಒಂದು ಮನೆಯೊಳಕ್ಕೆ ಹೋಗಿ ನಿಂತಳು.

ಸಹಿ ಹಾಕಿಸಿಕೊಳ್ಳಲೆಂದು ಪಾಟೀಲ ಅವಸರದಲ್ಲಿ ಹಿಂದೆಯೇ ಬಂದ.

"ಸಾಹೇಬ್ರ," ಎಂದಳು ಆಯಿ. "ಹೊಸ್ತಲ ಐತಿ. ತುಳೀಬ್ಯಾಡ್ರಿ."

ಪಾಟೀಲ ನಿಂತ. ಅವನ ಮುಂದೆ ಕೆಸರಿನ ಹೊರತು ಏನೂ ಇರಲಿಲ್ಲ. ಅವನ ಮನೆತನದ ಹಿರಿಯರಾರೂ ಇಂಥ ಬಾಗಿಲ ಮುಂದೆ ಹೀಗೆ ನಿಂತವರಲ್ಲ. ಅವನು ಬಗ್ಗಿ, ಬೂಟಿನ ದಾರ ಬಿಚ್ಚಿ, ಬೂಟುಗಳನ್ನು ಹೊರಗೆ ಜೋಡಿಸಿಟ್ಟ.

"ಒಳಗ ಬರ್ರಿ," ಎಂದಳು ಹುಲಿಗೆವ್ವ. "ಸಂಗಿ, ಮನಿಗೆ ಬಂದಾರ. ನೀರ ಕೊಡ."